ಅಂತರಿಕ್ಷದಲ್ಲಿ ನೀರಿನ ಒರೆಗಲ್ಲು

ಅನ್ನವಿಲ್ಲದೆ ಮನುಷ್ಯನು ಕೆಲವು ವಾರಗಳಾದರೂ ಬದುಕಿಯಾನು; ನೀರಿಲ್ಲದೆ ಕೆಲವು ದಿನಗಳಿಗಿಂತ ಹೆಚ್ಚು ಬದುಕಲಾರನು. ಊರ ಬಾವಿಯ ನೀರು ಕೆಟ್ಟರೆ ಪಕ್ಕದ ಊರಿನಿಂದ ಹೊತ್ತು ತರಬಹುದು. ನಗರದ ಕೊಳಾಯಿಯ ನೀರಿನಲ್ಲಿ ದುರ್ವಾಸನೆ ಕಂಡರೆ ಟ್ಯಾಂಕರನ್ನು ಕರೆಸಬಹುದು. ಸಂದೇಹ ಬಂದಾಗ ಒಂದು ಸೀಸೆ ನೀರನ್ನು ಪ್ರಯೋಗಶಾಲೆಗೆ ಕೊಟ್ಟು ಪರೀಕ್ಷಿಸಬಹುದು. ಭೂಮಿಯನ್ನು ಬಿಟ್ಟು ವರ್ಷಗಟ್ಟಲೆ ದೂರ ಸಾಗುವ ಅಂತರಿಕ್ಷಯಾತ್ರಿಗೆ ಈ ಮೂರು ಅನುಕೂಲಗಳಲ್ಲಿ ಒಂದೂ ಇಲ್ಲ. ನೌಕೆಯೊಳಗಿರುವ ನೀರೇ ಅವನ ಬಾವಿ, ಅವನ ನದಿ. ಅಲ್ಲಿರುವ ಒಂದೆರಡು ಉಪಕರಣಗಳೇ ಅವನ ಪ್ರಯೋಗಶಾಲೆ. ಆ ಉಪಕರಣವು “ನೀರು ಶುದ್ಧವಾಗಿದೆ” ಎಂದು ಸಾರಿದರೆ ಅವನು ಕುಡಿಯಬೇಕು. “ಅಶುದ್ಧ” ಎಂದರೆ ಬಿಡಬೇಕು. ಆದರೆ ಉಪಕರಣವೇ ಸುಳ್ಳು ಹೇಳಿದರೆ? ಅದರ ಸತ್ಯವನ್ನು ಒರೆಗೆ ಹಚ್ಚುವುದು ಹೇಗೆ? ದೀರ್ಘಕಾಲದ ಅಂತರಿಕ್ಷಯಾನದಲ್ಲಿ ಯಾತ್ರಿಯ ಆರೋಗ್ಯವು ಬಹುಮಟ್ಟಿಗೆ ಈ ಪ್ರಶ್ನೆಯನ್ನು ಅವಲಂಬಿಸಿದೆ.

ಬಳಸಿದ ನೀರೇ ಮತ್ತೆ ಕುಡಿಯುವ ನೀರು

ಒಬ್ಬ ಯಾತ್ರಿಗೆ ಕುಡಿಯಲು, ಆಹಾರವನ್ನು ನೆನೆಸಿಕೊಳ್ಳಲು, ಮೈ ಒರೆಸಿಕೊಳ್ಳಲು ದಿನಕ್ಕೆ ಸುಮಾರು 3.8 ಲೀಟರು ನೀರು ಬೇಕೆಂದು ಅಂದಾಜು. ಮಂಗಳಗ್ರಹಕ್ಕೆ ಹೋಗಿ ಮರಳುವ ಯಾತ್ರೆಗೆ ಸುಮಾರು 1000 ದಿನಗಳು ಹಿಡಿಯುವುವೆಂದುಕೊಂಡರೆ, ನಾಲ್ವರ ತಂಡಕ್ಕೆ 15,200 ಲೀಟರು, ಎಂದರೆ 15 ಟನ್ನುಗಳಿಗೂ ಮಿಕ್ಕಿದ ನೀರು ಬೇಕಾಗುವುದು. ಇಷ್ಟನ್ನು ಭೂಮಿಯಿಂದ ಎತ್ತಿಕೊಂಡು ಹೋಗುವುದು ಕಾರ್ಯಸಾಧ್ಯವಲ್ಲ. ಆದ್ದರಿಂದ ಮೂತ್ರ, ಬೆವರು ಮತ್ತು ಉಸಿರಿನ ತೇವವನ್ನೆಲ್ಲ ಸಂಗ್ರಹಿಸಿ, ಶುದ್ಧಗೊಳಿಸಿ, ಮತ್ತೆ ಕುಡಿಯುವುದೊಂದೇ ಉಳಿದ ದಾರಿ.

ಸೋವಿಯತ್ ದೇಶದ ಸ್ಯಾಲ್ಯೂತ್ ಮತ್ತು ಮೀರ್ ನಿಲ್ದಾಣಗಳಲ್ಲಿ ಗಾಳಿಯ ತೇವವನ್ನು ಹನಿಗೂಡಿಸಿ ಬಳಸುವ ವ್ಯವಸ್ಥೆ ಮೊದಲೇ ಇತ್ತು. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ 2008ರ ನವೆಂಬರಿನಲ್ಲಿ ಎಂಡೆವರ್ ನೌಕೆಯು ಹೊತ್ತೊಯ್ದ ಯಂತ್ರಸಮೂಹವು ಮೂತ್ರವನ್ನೂ ನೀರಾಗಿಸಬಲ್ಲದಾಗಿತ್ತು. ಹಲವು ಪರೀಕ್ಷೆಗಳ ನಂತರ 2009ರ ಮೇ ತಿಂಗಳಲ್ಲಿ ಅಲ್ಲಿನ ಯಾತ್ರಿಗಳು ಆ ನೀರನ್ನು ಮೊದಲ ಬಾರಿಗೆ ಕುಡಿದರು. ಮೂತ್ರದಿಂದ ನೀರು ತೆಗೆದ ಮೇಲೆ ಉಳಿಯುವ ಗಾಢವಾದ ಉಪ್ಪುನೀರಿನಿಂದಲೂ ತೇವವನ್ನು ಹಿಂಡಿ ತೆಗೆಯುವ ಯಂತ್ರವು 2021ರಲ್ಲಿ ನಿಲ್ದಾಣವನ್ನು ಸೇರಿತು. ಶೇಕಡ 98ರಷ್ಟು ನೀರನ್ನು ಮರಳಿ ಪಡೆಯುವ ಗುರಿ ಮುಟ್ಟಿದ ಸಂಗತಿ 2023ರಲ್ಲಿ ಪ್ರಕಟವಾಯಿತು. ಈ ಪ್ರಮಾಣದಲ್ಲಿ ಮೇಲೆ ಹೇಳಿದ 15,200 ಲೀಟರಿನ ಪೈಕಿ ನಷ್ಟವಾಗುವುದು ಸುಮಾರು 300 ಲೀಟರು ಮಾತ್ರ.

ಈ ಶುದ್ಧೀಕರಣದ ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ಮೂತ್ರವನ್ನು ಕಡಿಮೆ ಒತ್ತಡದಲ್ಲಿ, ತಿರುಗುವ ಪಾತ್ರೆಯೊಂದರಲ್ಲಿ ಆವಿಯಾಗಿಸಿ ಬಟ್ಟಿ ಇಳಿಸುತ್ತಾರೆ. ಹಾಗೆ ದೊರೆತ ನೀರಿಗೆ ಗಾಳಿಯ ತೇವದಿಂದ ಬಂದ ನೀರನ್ನು ಸೇರಿಸಿ ಶೋಧಕಗಳ ಮೂಲಕ ಹಾಯಿಸುತ್ತಾರೆ. ಶೋಧಕಕ್ಕೂ ಸಿಗದೆ ನುಸುಳಿದ ಸಾವಯವ ಪದಾರ್ಥಗಳನ್ನು ಶಾಖ, ಆಮ್ಲಜನಕ ಮತ್ತು ವೇಗವರ್ಧಕಗಳ ನೆರವಿನಿಂದ ದಹಿಸುತ್ತಾರೆ. ಕೊನೆಗೆ ಸೂಕ್ಷ್ಮಜೀವಿಗಳು ಬೆಳೆಯದಂತೆ ಅಯೋಡಿನ್ ಬೆರೆಸುತ್ತಾರೆ.

2025ರ ಜೂನ್–ಜುಲೈ ತಿಂಗಳುಗಳಲ್ಲಿ ಭಾರತದ ಶುಭಾಂಶು ಶುಕ್ಲಾ ಅವರು ಕೆಲಸಮಾಡಿ ಬಂದುದು ಈ ನಿಲ್ದಾಣದಲ್ಲಿಯೇ. ಭಾರತದ ಗಗನಯಾನ ಯೋಜನೆಯ ಯಾತ್ರೆ ಕೆಲವೇ ದಿನಗಳದಾದುದರಿಂದ ಅದಕ್ಕೆ ಕೊಂಡೊಯ್ದ ನೀರು ಸಾಲುವುದು. ಆದರೆ ಮುಂದೆ ಭಾರತವು ಸ್ಥಾಪಿಸಬೇಕೆಂದಿರುವ ಸ್ವಂತ ಅಂತರಿಕ್ಷ ನಿಲ್ದಾಣದಲ್ಲಿ ಜನರು ದೀರ್ಘಕಾಲ ತಂಗುವಂತಾದರೆ ಇದೇ ಸಮಸ್ಯೆ ಅಲ್ಲಿಯೂ ಎದುರಾಗದಿರದು.

ತಿಳಿಯಾದುದೆಲ್ಲ ಕುಡಿಯುವ ನೀರಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯಂತೆ ತಿಳಿಯಾಗಿರುವುದೆಲ್ಲ ಕುಡಿಯುವ ನೀರಲ್ಲ. ನೀರನ್ನು ಹಲವು ಕಡೆಯಿಂದ ವಿಚಾರಿಸಬೇಕಾಗುತ್ತದೆ. ಮೊದಲನೆಯದು ವಿದ್ಯುದ್ವಾಹಕತೆ. ನೀರಿನಲ್ಲಿ ಕರಗಿದ ಲವಣಗಳು ಹೆಚ್ಚಿದಷ್ಟೂ ಅದು ವಿದ್ಯುತ್ತನ್ನು ಸುಲಭವಾಗಿ ಹಾಯಗೊಡುತ್ತದೆ. ಶುದ್ಧೀಕರಣ ಯಂತ್ರದ ಹೊರಬಾಯಿಯಲ್ಲಿ ಇದನ್ನು ಅಳೆದು, ಮಿತಿ ಮೀರಿದ ನೀರನ್ನು ಮತ್ತೆ ಹಿಂದಕ್ಕೆ ಕಳುಹಿಸುವ ಏರ್ಪಾಡಿದೆ.

ಆದರೆ ಈ ಒಂದು ಅಳತೆ ಸಾಲದು. ಮನೆಯಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬಹುದು. ಇತ್ತೀಚೆಗೆ ಅನೇಕ ಮನೆಗಳಲ್ಲಿ ಟಿ.ಡಿ.ಎಸ್. ಮಾಪಕವೆಂಬ ಪುಟ್ಟ ಕಡ್ಡಿಯಂಥ ಉಪಕರಣವಿರುತ್ತದೆ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ಅದನ್ನು ಅದ್ದಿದರೆ ಅಂಕಿ ಥಟ್ಟನೆ ಮೇಲೇರುವುದು. ಇನ್ನೊಂದು ಲೋಟದಲ್ಲಿ ಒಂದು ಚಮಚ ಸಕ್ಕರೆ ಕರಗಿಸಿ ಅದ್ದಿದರೆ ಅಂಕಿ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಸಕ್ಕರೆ ಕರಗಿದರೂ ವಿದ್ಯುತ್ ಕಣಗಳಾಗಿ ಒಡೆಯದಿರುವುದೇ ಇದಕ್ಕೆ ಕಾರಣ. ಸಕ್ಕರೆಯಂತೆಯೇ ಬಣ್ಣವಿಲ್ಲದೆ, ವಿದ್ಯುತ್ತಿಗೂ ಸಿಕ್ಕದೆ ನೀರಿನಲ್ಲಿ ಅಡಗಿ ಕುಳಿತುಕೊಳ್ಳಬಲ್ಲ ಸಾವಯವ ವಸ್ತುಗಳು ಅಸಂಖ್ಯಾತ. ಅವುಗಳಲ್ಲಿ ನಿರಪಾಯವಾದುವೂ ಇವೆ, ವಿಷಗಳೂ ಇವೆ.

ಅವುಗಳನ್ನು ಹಿಡಿಯುವುದಕ್ಕಾಗಿಯೇ ಇರುವುದು ಒಟ್ಟು ಸಾವಯವ ಇಂಗಾಲದ ಮಾಪಕ. ಈ ಉಪಕರಣವು ನೀರಿನಲ್ಲಿ ಮೊದಲೇ ಕರಗಿರುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕಿ, ಬಳಿಕ ಸಾವಯವ ವಸ್ತುಗಳನ್ನೆಲ್ಲ ಉತ್ಕರ್ಷಣಗೊಳಿಸುತ್ತದೆ. ಅವುಗಳಲ್ಲಿದ್ದ ಇಂಗಾಲವು ಆಗ ಡೈಆಕ್ಸೈಡ್ ಅನಿಲವಾಗಿ ಹೊರಬರುವುದು. ಆ ಅನಿಲವು ಅವಕೆಂಪು ಕಿರಣಗಳನ್ನು ಎಷ್ಟು ಹೀರಿಕೊಂಡಿತೆಂಬುದನ್ನು ಅಳೆದರೆ ಇಂಗಾಲದ ಮೊತ್ತ ತಿಳಿಯುವುದು. ನಿಲ್ದಾಣದಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ ಈ ಪರೀಕ್ಷೆ ನಡೆಯುತ್ತದೆ. 2010ರ ಸುಮಾರಿನಲ್ಲಿ ಅಲ್ಲಿ ನಿಗದಿಯಾಗಿದ್ದ ಮಿತಿ ಲೀಟರಿಗೆ 3 ಮಿಲಿಗ್ರಾಂ. ತಾರಸಿಯ ಮೇಲಿನ 1000 ಲೀಟರಿನ ತೊಟ್ಟಿಯೊಂದಕ್ಕೆ ಸುಮಾರು 7 ಗ್ರಾಂ, ಎಂದರೆ ಒಂದೂವರೆ ಟೀ ಚಮಚದಷ್ಟು ಸಕ್ಕರೆ ಹಾಕಿ ಕಲಕಿದರೆ ಎಷ್ಟು ಇಂಗಾಲ ಸೇರುವುದೋ ಅಷ್ಟು. ಇಂಥ ಅಲ್ಪವನ್ನು ತಪ್ಪದೆ ಗುರುತಿಸುವುದು ಸುಲಭದ ಮಾತಲ್ಲ.

ಇದಲ್ಲದೆ ಅಯೋಡಿನ್ ಮತ್ತು ಬೆಳ್ಳಿಯ ಪ್ರಮಾಣವನ್ನೂ ನೋಡಬೇಕು. ನೀರು ಕೆಡದಂತೆ ಅಮೆರಿಕದ ವಿಭಾಗದಲ್ಲಿ ಅಯೋಡಿನ್ನನ್ನೂ ರಷ್ಯದ ವಿಭಾಗದಲ್ಲಿ ಬೆಳ್ಳಿಯನ್ನೂ ಬೆರೆಸುತ್ತಾರೆ. ಇವು ಕಡಿಮೆಯಾದರೆ ಸೂಕ್ಷ್ಮಜೀವಿಗಳು ಬೆಳೆಯುವುವು. ಅಯೋಡಿನ್ ಹೆಚ್ಚಾಗಿ ದೇಹಕ್ಕೆ ಸೇರಿದರೆ ಥೈರಾಯ್ಡ್ ಗ್ರಂಥಿಯ ಕೆಲಸ ಏರುಪೇರಾಗುವುದು. ಷಟಲ್ ನೌಕೆಗಳ ಯಾತ್ರಿಗಳಲ್ಲಿ ಇಂಥ ವ್ಯತ್ಯಾಸ ಕಂಡುಬಂದ ಕಾರಣ, 1990ರ ದಶಕದ ಕೊನೆಯ ಭಾಗದಿಂದ ನೀರು ಬಾಯಿಗೆ ಹೋಗುವ ಮುನ್ನ ಅಯೋಡಿನ್ನನ್ನು ತೆಗೆದುಹಾಕುವ ಪದ್ಧತಿ ಬಂದಿತು. ಸೂಕ್ಷ್ಮಜೀವಿಗಳ ಪರೀಕ್ಷೆಯೂ ಉಂಟು: ನೀರನ್ನು ಶೋಧಿಸಿ, ಶೋಧಕದ ಮೇಲೆ ಸಿಕ್ಕ ಜೀವಿಗಳಿಗೆ ಆಹಾರವಿತ್ತು, ಕೆಲವು ದಿನಗಳ ನಂತರ ಮೂಡಿದ ಚುಕ್ಕೆಗಳನ್ನು ಎಣಿಸುವುದು.

ಮಾಪನಾಂಕ ನಿರ್ಣಯವೆಂದರೇನು?

ಇಷ್ಟು ಬಗೆಯ ಉಪಕರಣಗಳಿದ್ದರೂ ಅವುಗಳಲ್ಲಿ ಯಾವುದಕ್ಕೂ ಹುಟ್ಟಿನಿಂದಲೇ ಜ್ಞಾನವಿರುವುದಿಲ್ಲ. ಉಪಕರಣವು ನಿಜವಾಗಿ ಕಾಣುವುದು ಒಂದು ವಿದ್ಯುತ್ ಒತ್ತಡವನ್ನೋ ಬೆಳಕಿನ ಏರಿಳಿತವನ್ನೋ ಮಾತ್ರ. ಇಷ್ಟು ಒತ್ತಡವೆಂದರೆ ಇಷ್ಟು ಮಿಲಿಗ್ರಾಂ ಎಂದು ಅದಕ್ಕೆ ಯಾರಾದರೂ ಕಲಿಸಬೇಕು. ಕಲಿತುದನ್ನು ಮರೆಯದಂತೆ ಆಗಾಗ ಪರೀಕ್ಷಿಸಬೇಕು. ಇದಕ್ಕೆ ಮಾಪನಾಂಕ ನಿರ್ಣಯವೆಂದೂ ಇಂಗ್ಲಿಷಿನಲ್ಲಿ ಕ್ಯಾಲಿಬ್ರೇಷನ್ ಎಂದೂ ಹೆಸರು. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ, ಬಣ್ಣ ಗೊತ್ತಿರುವ ಚಿನ್ನದ ಗೆರೆಯೊಡನೆ ಹೋಲಿಸುವುದು ಇದೇ ತತ್ತ್ವದ ಮೇಲೆ. ಗೊತ್ತಿಲ್ಲದುದನ್ನು ಗೊತ್ತಿರುವುದರ ಪಕ್ಕದಲ್ಲಿಟ್ಟು ನೋಡುವುದೇ ಅಳತೆಯ ತಿರುಳು.

ಉಪಕರಣಗಳ ತಪ್ಪು ಮುಖ್ಯವಾಗಿ ಎರಡು ಬಗೆಯದು. ಅಂಗಡಿಯ ತಕ್ಕಡಿಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುವುದು. ತಟ್ಟೆಯಲ್ಲಿ ಏನೂ ಇಲ್ಲದಿದ್ದಾಗಲೂ ತಕ್ಕಡಿ 20 ಗ್ರಾಂ ತೋರಿಸುತ್ತಿದ್ದರೆ ಅದು ಸೊನ್ನೆಯ ತಪ್ಪು. ಅಂಥ ತಕ್ಕಡಿಯಲ್ಲಿ ತೂಗಿದ ಎಲ್ಲಕ್ಕೂ 20 ಗ್ರಾಂ ಹೆಚ್ಚು ಬೀಳುವುದು. ಇನ್ನೊಂದು ತಕ್ಕಡಿಯು ಬರಿದಾಗಿದ್ದಾಗ ಸರಿಯಾಗಿ ಸೊನ್ನೆಯನ್ನೇ ತೋರಿಸುತ್ತದೆ. ಆದರೆ 1 ಕಿಲೋಗ್ರಾಂ ಇಟ್ಟರೆ 900 ಗ್ರಾಂ ಎನ್ನುತ್ತದೆ, 2 ಕಿಲೋ ಇಟ್ಟರೆ 1800 ಎನ್ನುತ್ತದೆ. ಇದು ಇಳಿಜಾರಿನ ತಪ್ಪು. ತೂಕ ಹೆಚ್ಚಿದಷ್ಟೂ ತಪ್ಪು ಬೆಳೆಯುತ್ತದೆ. ಮೊದಲನೆಯದನ್ನು ತಿಳಿಯಲು ಬರಿದಾದ ತಟ್ಟೆ ಸಾಕು. ಎರಡನೆಯದನ್ನು ತಿಳಿಯಲು ನಿಜವಾದ ತೂಕದ ಬಟ್ಟೊಂದು ಬೇಕೇ ಬೇಕು. ಸೊನ್ನೆಯನ್ನು ಸರಿಯಾಗಿ ತೋರಿಸುವ ಉಪಕರಣವು ಪ್ರಾಮಾಣಿಕವೆಂದು ನಂಬುವುದು ಅಪಾಯಕರ.

ನೀರಿನ ಪರೀಕ್ಷೆಯಲ್ಲಿ ಬರಿದಾದ ತಟ್ಟೆಗೆ ಸಮನಾದುದು ಅತ್ಯಂತ ಶುದ್ಧವಾದ ನೀರು. ತೂಕದ ಬಟ್ಟಿಗೆ ಸಮನಾದುದು ಪ್ರಮಾಣಿತ ದ್ರಾವಣ, ಎಂದರೆ ಇಂಥ ವಸ್ತು ಇಷ್ಟೇ ಇದೆಯೆಂದು ಖಚಿತವಾಗಿ ತಿಳಿದಿರುವ ದ್ರಾವಣ. ಸಾವಯವ ಇಂಗಾಲದ ಮಾಪಕಕ್ಕೆ ಪೊಟ್ಯಾಸಿಯಂ ಹೈಡ್ರೊಜನ್ ಥ್ಯಾಲೇಟ್ ಎಂಬ ಬಿಳಿಯ ಪುಡಿಯನ್ನು ಬಳಸುವುದು ರೂಢಿ. ಅದರ 2.125 ಗ್ರಾಂ ಪುಡಿಯನ್ನು ಕರಗಿಸಿ 1 ಲೀಟರು ದ್ರಾವಣ ಮಾಡಿದರೆ ಅದರಲ್ಲಿ 1000 ಮಿಲಿಗ್ರಾಂ ಇಂಗಾಲವಿರುತ್ತದೆ. ಅದನ್ನು ಸಾವಿರ ಪಾಲಿಗೆ ತೆಳುಗೊಳಿಸಿದರೆ ಲೀಟರಿಗೆ 1 ಮಿಲಿಗ್ರಾಂ ಇಂಗಾಲದ ದ್ರಾವಣ ಸಿದ್ಧ. ಮಾಪಕವು ಅದನ್ನು ನೋಡಿ 1 ಎಂದರೆ ಸರಿ, 0.8 ಎಂದರೆ ಅದಕ್ಕೆ ಮತ್ತೆ ಪಾಠ ಹೇಳಬೇಕು.

ಬಟ್ಟಿನ ಬೆನ್ನ ಹಿಂದಿನ ಸರಪಳಿ

ಹಾಗಾದರೆ ಬಟ್ಟಿನ ತೂಕ ಸರಿಯೆಂದು ಹೇಳುವವರು ಯಾರು? ವ್ಯಾಪಾರಿಯ ಬಟ್ಟಿಗೆ ಸರಕಾರದ ಅಳತೆ ಮತ್ತು ತೂಕದ ಅಧಿಕಾರಿಗಳು ನಿಯತಕಾಲದಲ್ಲಿ ಮುದ್ರೆಯೊತ್ತುತ್ತಾರೆ. ಅವರ ಬಟ್ಟುಗಳನ್ನು ಇನ್ನೂ ಮೇಲಿನ ಪ್ರಯೋಗಶಾಲೆಗಳಲ್ಲಿ ಹೋಲಿಸಿ ನೋಡುತ್ತಾರೆ. ಹೀಗೆ ಮೆಟ್ಟಲು ಮೆಟ್ಟಲಾಗಿ ಏರಿದರೆ ಕೊನೆಗೆ ಸಿಗುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಪ್ಲಾಟಿನಂ ಮತ್ತು ಇರಿಡಿಯಂ ಲೋಹಗಳ ಮಿಶ್ರಣದಿಂದ ಮಾಡಿದ, 57ನೆಯ ಸಂಖ್ಯೆಯ ಕಿಲೋಗ್ರಾಂ ಪ್ರತಿ ಅಲ್ಲಿದೆ. ರಾಸಾಯನಿಕ ಪರೀಕ್ಷೆಗಳಿಗೆ ಬೇಕಾದ ಪ್ರಮಾಣಿತ ವಸ್ತುಗಳೂ ಅಲ್ಲಿಂದ ಭಾರತೀಯ ನಿರ್ದೇಶಕ ದ್ರವ್ಯವೆಂಬ ಹೆಸರಿನಲ್ಲಿ ಹೊರಬರುತ್ತವೆ. ಸಾಮಾನ್ಯನು ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ಈ ಸರಪಳಿಯನ್ನು ನೆನೆಯುವುದಿಲ್ಲ. ಆದರೆ ಅವನ ನಂಬಿಕೆಯೆಲ್ಲ ನೇತಾಡುತ್ತಿರುವುದು ಅದರ ಕೊಂಡಿಗಳಿಂದಲೇ.

ಅಂತರಿಕ್ಷಯಾನದಲ್ಲಿ ಕಡಿದುಹೋಗುವುದು ಈ ಸರಪಳಿ. ಭೂಮಿಗೆ ಸಮೀಪದಲ್ಲಿರುವ ನಿಲ್ದಾಣದಲ್ಲಿ ಅದನ್ನು ಹೇಗೋ ಕಾಪಾಡಿಕೊಳ್ಳಬಹುದು. ನೀರಿನ ಮಾದರಿಗಳನ್ನು ಚೀಲಗಳಲ್ಲಿ ತುಂಬಿ, ಮರಳುವ ನೌಕೆಗಳಲ್ಲಿ ಭೂಮಿಗೆ ತಂದು, ಅಮೆರಿಕದ ಹ್ಯೂಸ್ಟನ್ನಿನ ಜಾನ್ಸನ್ ಅಂತರಿಕ್ಷ ಕೇಂದ್ರದಲ್ಲಿ ಕೂಲಂಕಷವಾಗಿ ಪರೀಕ್ಷಿಸುತ್ತಾರೆ. ಮೇಲಿನ ಉಪಕರಣ ಹೇಳಿದ ಅಂಕಿ ಮತ್ತು ಕೆಳಗಿನ ಪ್ರಯೋಗಶಾಲೆಯ ಅಂಕಿ ಎರಡೂ ತಾಳೆಯಾದರೆ ಉಪಕರಣದ ಮಾತು ನಂಬತಕ್ಕದ್ದೆಂದು ತಿಳಿಯುವುದು.

ಗುರುತ್ವವಿಲ್ಲದೆಡೆಯ ತೊಡಕುಗಳು

ಭೂಮಿಯ ಮೇಲೆ ಸುಲಭವಾದ ಕೆಲಸ ಅಲ್ಲಿ ಏಕೆ ಕಠಿಣವಾಗುವುದು? ಮೊದಲನೆಯ ತೊಡಕು ಗುಳ್ಳೆಗಳದು. ಲೋಟದ ನೀರಿನಲ್ಲಿ ಗಾಳಿಯ ಗುಳ್ಳೆ ಮೇಲೇರಿ ಒಡೆಯುವುದು ಗುರುತ್ವದ ದೆಸೆಯಿಂದ. ತೂಕವೆಂಬುದು ಅನುಭವಕ್ಕೆ ಬಾರದ ನೌಕೆಯಲ್ಲಿ ಮೇಲು ಕೆಳಗೆಂಬುದೇ ಇಲ್ಲವಾದ್ದರಿಂದ ಗುಳ್ಳೆಯು ನೀರಿನ ನಡುವೆಯೇ ನಿಂತುಬಿಡುವುದು. ಸಿರಿಂಜಿನಲ್ಲಿ 10 ಮಿಲಿಲೀಟರು ನೀರು ಎಳೆದುಕೊಂಡಂತೆ ತೋರಿದರೂ ಅದರಲ್ಲಿ 1 ಮಿಲಿಲೀಟರು ಗಾಳಿಯಾಗಿದ್ದರೆ ಫಲಿತಾಂಶದಲ್ಲಿ ನೂರಕ್ಕೆ ಹತ್ತರಷ್ಟು ತಪ್ಪು ಆಗಲೇ ಸೇರಿತು. ಯಾತ್ರಿಗಳು ನೀರಿನ ಚೀಲವನ್ನು ಕೈಯಲ್ಲಿ ಹಿಡಿದು ಗಿರ್ರನೆ ಬೀಸಿ ಗಾಳಿಯನ್ನು ಒಂದು ಕಡೆಗೆ ಸೇರಿಸುವುದುಂಟು.

2009ರಲ್ಲಿ ನಿಲ್ದಾಣಕ್ಕೆ ಹೋದ ಅಯೋಡಿನ್ ಮತ್ತು ಬೆಳ್ಳಿಯ ಪರೀಕ್ಷಾ ಪೆಟ್ಟಿಗೆಯಲ್ಲಿ ಸಿರಿಂಜಿನ ನೀರನ್ನು ಪುಟ್ಟ ಬಿಲ್ಲೆಯ ಮೂಲಕ ಹಾಯಿಸುತ್ತಾರೆ. ಬಿಲ್ಲೆಯಲ್ಲಿ ಮೊದಲೇ ಅದ್ದಿಟ್ಟ ರಾಸಾಯನಿಕದೊಡನೆ ಬೆರೆತು ಬಣ್ಣ ಮೂಡುತ್ತದೆ. ಬಣ್ಣದ ಗಾಢತೆಯನ್ನು ಕೈಯಲ್ಲಿ ಹಿಡಿಯಬಹುದಾದ ಮಾಪಕವು ಪ್ರತಿಫಲಿತ ಬೆಳಕಿನಿಂದ ಓದುತ್ತದೆ. ಇಲ್ಲಿ ದ್ರವವನ್ನು ಲೋಟದಲ್ಲಿ ಕಲಕುವ ಕೆಲಸವಿಲ್ಲ. ಆದರೆ ಹಾಯಿಸಿದ ನೀರು ಎಷ್ಟೆಂಬುದು ಖಚಿತವಾಗಿರಲೇಬೇಕು.

ಎರಡನೆಯ ತೊಡಕು ಕಾಲದ್ದು. ಪ್ರಮಾಣಿತ ದ್ರಾವಣವು ತೂಕದ ಬಟ್ಟಿನಂತೆ ಗಟ್ಟಿ ವಸ್ತುವಲ್ಲ, ಅದೂ ಹಳತಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇಂಗಾಲವಿರುವ ದ್ರಾವಣದಲ್ಲಿ ಸೂಕ್ಷ್ಮಜೀವಿಗಳು ಸೇರಿದರೆ ಆ ಇಂಗಾಲವನ್ನೇ ತಿಂದು ಬದುಕುವುವು. ಪ್ಲಾಸ್ಟಿಕ್ ಚೀಲದ ಗೋಡೆಯಿಂದ ಸಾವಯವ ವಸ್ತು ದ್ರಾವಣಕ್ಕೆ ಇಳಿಯಬಹುದು. ಅಯೋಡಿನ್ ಗೋಡೆಯ ಮೂಲಕ ಜಾರಿಹೋಗಬಹುದು. ಬೆಳ್ಳಿಯು ಲೋಹದ ಮೈಗೆ ಅಂಟಿಕೊಂಡು ಕಡಿಮೆಯಾಗಬಹುದು. ಹೀಗಾದಾಗ ಅಳತೆಗೋಲೇ ಕುಗ್ಗಿದಂತೆ. ಕುಗ್ಗಿದ ಕೋಲಿನಿಂದ ಅಳೆದ ಉಪಕರಣಕ್ಕೆ ತಪ್ಪು ಪಾಠ ಹೇಳಿದಂತಾಗಿ, ಸರಿಯಾಗಿದ್ದ ಉಪಕರಣವನ್ನೂ ಕೆಡಿಸಿದಂತಾಗುವುದು. ಮೂರು ವರ್ಷಗಳ ಯಾತ್ರೆಗೆ ಮೂರು ವರ್ಷ ಕೆಡದ ದ್ರಾವಣ ಬೇಕು.

ಮೂರನೆಯದು ಮಿತವ್ಯಯ. ದ್ರಾವಣದ ತೂಕ, ಪರೀಕ್ಷೆಯ ಕೊಳೆನೀರಿನ ಚೀಲ, ಯಾತ್ರಿಯ ಅಮೂಲ್ಯ ಸಮಯ ಇವೆಲ್ಲಕ್ಕೂ ಅಲ್ಲಿ ಲೆಕ್ಕವುಂಟು. ಪ್ರಯೋಗಶಾಲೆಯಲ್ಲಿ ದಿನಕ್ಕೊಮ್ಮೆ ಮಾಡಬಹುದಾದುದನ್ನು ಅಲ್ಲಿ ತಿಂಗಳುಗಳವರೆಗೆ ಮುಂದೂಡಬೇಕಾಗಬಹುದು. ಆದ್ದರಿಂದ ಉಪಕರಣವು ಬಹುಕಾಲ ತನ್ನ ಪಾಠವನ್ನು ಮರೆಯದಂತಿರಬೇಕು.

2010ರ ಒಂದು ಪ್ರಸಂಗ

ಇದೆಲ್ಲ ಬರಿಯ ಶಾಸ್ತ್ರದ ಚರ್ಚೆಯಲ್ಲವೆಂಬುದನ್ನು 2010ರ ಘಟನೆಯೊಂದು ತೋರಿಸಿಕೊಟ್ಟಿತು. ಆ ವರ್ಷದ ಮಧ್ಯಭಾಗದಿಂದ ನಿಲ್ದಾಣದ ಶುದ್ಧೀಕೃತ ನೀರಿನಲ್ಲಿ ಸಾವಯವ ಇಂಗಾಲದ ಅಂಕಿ ವಾರದಿಂದ ವಾರಕ್ಕೆ ಏರತೊಡಗಿತು. ನೀರಿಗೆ ಬಣ್ಣವಿರಲಿಲ್ಲ, ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಆದರೂ ಅಂಕಿ 3 ಮಿಲಿಗ್ರಾಂ ಮಿತಿಯ ಕಡೆಗೆ ಸಾಗಿತು.

ಇಂಥ ಸಂದರ್ಭದಲ್ಲಿ ಮೊದಲು ಏಳುವ ಪ್ರಶ್ನೆ: ಕೆಟ್ಟಿರುವುದು ನೀರೋ, ಉಪಕರಣವೋ? ಉಪಕರಣ ಕೆಟ್ಟಿದ್ದರೆ ಒಳ್ಳೆಯ ನೀರನ್ನು ವೃಥಾ ತ್ಯಜಿಸಿದಂತಾಗುವುದು. ನೀರು ಕೆಟ್ಟಿದ್ದರೆ ಆರು ಮಂದಿಯ ಆರೋಗ್ಯದ ಪ್ರಶ್ನೆ. ಇಂಗಾಲದ ಮಾಪಕವು ಮೊತ್ತವನ್ನು ಹೇಳಬಲ್ಲುದೇ ಹೊರತು ಹೆಸರನ್ನು ಹೇಳಲಾರದು. ಅದರ ದೃಷ್ಟಿಯಲ್ಲಿ ಸಕ್ಕರೆಯ ಇಂಗಾಲಕ್ಕೂ ವಿಷದ ಇಂಗಾಲಕ್ಕೂ ಭೇದವಿಲ್ಲ. ಭೂಮಿಗೆ ತಂದ ಮಾದರಿಗಳನ್ನು ಪರೀಕ್ಷಿಸಿದಾಗ ಉಪಕರಣದ ಮಾತು ನಿಜವೆಂದು ತಿಳಿಯಿತು. ಆದರೆ ಪರೀಕ್ಷೆಯ ವಾಡಿಕೆಯ ಪಟ್ಟಿಯಲ್ಲಿದ್ದ ವಸ್ತುಗಳನ್ನೆಲ್ಲ ಕೂಡಿಸಿದರೂ ಆ ಮೊತ್ತಕ್ಕೆ ಸಾಲದಾಯಿತು. ಪಟ್ಟಿಯಲ್ಲಿಲ್ಲದ ಯಾವುದೋ ಒಂದು ನೀರಿಗೆ ಸೇರಿತ್ತು.

ಹುಡುಕಿದ ಮೇಲೆ ಅದು ಡೈಮೀಥೈಲ್‌ಸಿಲೇನ್‌ಡಯಾಲ್ ಎಂಬ ವಸ್ತುವೆಂದು ಗೊತ್ತಾಯಿತು. ಮೈಗೆ ಹಚ್ಚುವ ಲೇಪನಗಳು, ಯಂತ್ರದ ಅಂಟುಗಳು, ಜಾರುಗೊಳಿಸುವ ಎಣ್ಣೆಗಳು ಮೊದಲಾದುವುಗಳಲ್ಲಿರುವ ಸಿಲಿಕೋನ್ ಪದಾರ್ಥಗಳಿಂದ ಹೊರಟ ಆವಿಯು ನಿಲ್ದಾಣದ ಗಾಳಿಯಲ್ಲಿ ಬೆರೆತು, ತೇವದೊಡನೆ ನೀರನ್ನು ಸೇರಿ ಈ ರೂಪ ತಾಳಿತ್ತು. ಶೋಧಕಗಳು ಅದನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಲಾರದಾಗಿದ್ದುವು. ಆ ಪ್ರಮಾಣದಲ್ಲಿ ಅದರಿಂದ ಆರೋಗ್ಯಕ್ಕೆ ಅಪಾಯವಿಲ್ಲವೆಂದು ವಿಷವಿಜ್ಞಾನಿಗಳು ತೀರ್ಮಾನಿಸಿದರು. ಶೋಧಕಗಳನ್ನು ಬದಲಾಯಿಸಿದ ಬಳಿಕ ಅಂಕಿಯೂ ಇಳಿಯಿತು. ಮುಂದಿನ ವರ್ಷಗಳಲ್ಲಿ ಇದೇ ಏರಿಕೆ ಮರುಕಳಿಸಿದಾಗ ಯಾರೂ ಗಾಬರಿಗೊಳ್ಳಲಿಲ್ಲ. ಅದರ ಹೆಸರು ಗೊತ್ತಾಗಿತ್ತು, ಉಪಾಯವೂ ತಿಳಿದಿತ್ತು.

ಈ ಪ್ರಸಂಗದಿಂದ ಕಲಿಯಬೇಕಾದ ಪಾಠ ಎರಡು. ಮಾಪನಾಂಕ ಸರಿಯಾಗಿದ್ದುದರಿಂದಲೇ ಮೆಲ್ಲಮೆಲ್ಲನೆ ಏರುತ್ತಿದ್ದ ಅಂಕಿಯನ್ನು ಉಪಕರಣದ ಚಪಲವೆಂದು ತಳ್ಳಿಹಾಕದೆ ನಂಬುವುದು ಸಾಧ್ಯವಾಯಿತು. ಮತ್ತು ಮಾದರಿಯು ಭೂಮಿಗೆ ಬಂದುದರಿಂದಲೇ ವಸ್ತುವಿನ ಹೆಸರು ತಿಳಿಯಿತು. ಮಂಗಳದ ದಾರಿಯಲ್ಲಿ ಮೊದಲನೆಯದು ಇನ್ನೂ ಅವಶ್ಯ, ಎರಡನೆಯದು ಅಸಾಧ್ಯ.

ಮಂಗಳದ ದಾರಿಯಲ್ಲಿ

ಮಂಗಳದ ಸಮೀಪದಿಂದ ಭೂಮಿಗೆ ಒಂದು ಮಾತು ತಲಪಲು ಗ್ರಹಗಳ ದೂರಕ್ಕನುಗುಣವಾಗಿ 3ರಿಂದ 22 ನಿಮಿಷಗಳು ಬೇಕು. ಸಲಹೆಯೇನೋ ತಡವಾಗಿಯಾದರೂ ಬರುವುದು. ನೀರಿನ ಸೀಸೆ ಹೋಗುವಂತಿಲ್ಲ, ಹೊಸ ದ್ರಾವಣ ಬರುವಂತಿಲ್ಲ. ಆದ್ದರಿಂದ ಯಾತ್ರಿಗಳು ಒರೆಗಲ್ಲನ್ನೂ ತಮ್ಮೊಡನೆ ಒಯ್ಯಬೇಕು. ಇದಕ್ಕೆ ರಸಾಯನಶಾಸ್ತ್ರ ತೋರಿಸುವ ದಾರಿಗಳು ಹಲವು.

ದ್ರಾವಣದ ಬದಲು ಒಣ ಪುಡಿಯನ್ನೇ ನಿಖರವಾಗಿ ತೂಗಿ ಮುಚ್ಚಿಟ್ಟುಕೊಂಡು, ಬೇಕಾದಾಗ ನೀರಿನಲ್ಲಿ ಕರಗಿಸಿಕೊಳ್ಳುವುದು ಒಂದು ದಾರಿ. ಒಣ ವಸ್ತು ಬಹುಕಾಲ ಕೆಡದೆ ಇರುವುದು. ಒಂದೇ ಗುಣವನ್ನು ಬೇರೆಬೇರೆ ತತ್ತ್ವಗಳ ಮೇಲೆ ಕೆಲಸಮಾಡುವ ಎರಡು ಉಪಕರಣಗಳಿಂದ ಅಳೆಯುವುದು ಇನ್ನೊಂದು. ಎರಡೂ ಒಂದೇ ರೀತಿಯಲ್ಲಿ, ಒಂದೇ ಕಾಲಕ್ಕೆ ತಪ್ಪುವುದು ವಿರಳ. ಅವುಗಳ ಮಾತು ಬೇರೆಯಾದೊಡನೆ ಎಚ್ಚರಗೊಳ್ಳಬಹುದು.

ಮೂರನೆಯ ದಾರಿ ವಿದ್ಯುತ್ತಿನ ನಿಯಮವನ್ನೇ ಒರೆಗಲ್ಲಾಗಿ ಮಾಡಿಕೊಳ್ಳುವುದು. ಬೆಳ್ಳಿಯ ಕಡ್ಡಿಗಳನ್ನು ನೀರಿನಲ್ಲಿಟ್ಟು ವಿದ್ಯುತ್ತನ್ನು ಹಾಯಿಸಿದರೆ ಬೆಳ್ಳಿ ಕರಗುವುದು. ಇತರ ಕ್ರಿಯೆಗಳಿಗೆ ಎಡೆಯಿಲ್ಲದಂತೆ ನೋಡಿಕೊಂಡರೆ, 1 ಕೂಲಂಬ್ ವಿದ್ಯುತ್ತಿಗೆ ಕರಗುವ ಬೆಳ್ಳಿ 1.118 ಮಿಲಿಗ್ರಾಂ. ಈ ಸಂಖ್ಯೆ ಬೆಂಗಳೂರಿನಲ್ಲಾಗಲಿ ಮಂಗಳದಲ್ಲಾಗಲಿ ಒಂದೇ. ಫ್ಯಾರಡೆಯು 19ನೆಯ ಶತಮಾನದಲ್ಲಿ ಕಂಡುಕೊಂಡ ಈ ನಿಯಮ ಎಷ್ಟು ನಂಬಿಕೆಗೆ ಅರ್ಹವೆಂದರೆ, 1908ರಲ್ಲಿ ಅಂತರರಾಷ್ಟ್ರೀಯ ಆಂಪಿಯರನ್ನೇ ಬೆಳ್ಳಿಯ ಈ ತೂಕದಿಂದ ನಿರೂಪಿಸಿದ್ದರು. ಗಡಿಯಾರ ಮತ್ತು ವಿದ್ಯುತ್ ಮಾಪಕ ಎರಡು ಸರಿಯಾಗಿದ್ದರೆ, ಬೆಳ್ಳಿಯ ಪ್ರಮಾಣಿತ ದ್ರಾವಣವನ್ನು ನೌಕೆಯಲ್ಲಿಯೇ ಆಗಿಂದಾಗ್ಗೆ ಹೊಸದಾಗಿ ತಯಾರಿಸಿಕೊಳ್ಳಬಹುದು. ಹಳತಾಗುವ ಚಿಂತೆ ಇಲ್ಲ.

ಭೂಮಿಯ ಮೇಲೂ ಅಳತೆಯ ಶಾಸ್ತ್ರ ಇದೇ ದಿಕ್ಕಿನಲ್ಲಿ ಸಾಗಿದೆ. ಪ್ಯಾರಿಸ್ಸಿನ ಬಳಿ ಕಾಪಾಡಿಟ್ಟ ಲೋಹದ ಬಟ್ಟನ್ನು 2019ರ ಮೇ 20ರವರೆಗೆ ಕಿಲೋಗ್ರಾಮಿನ ಮೂಲವೆಂದು ಭಾವಿಸಲಾಗುತ್ತಿತ್ತು. ಅಂದಿನಿಂದ ಪ್ರಕೃತಿಯ ಸ್ಥಿರಾಂಕವೊಂದರಿಂದ ಅದನ್ನು ನಿರೂಪಿಸಲಾಗುತ್ತಿದೆ. ಲೋಹದ ಬಟ್ಟನ್ನು ಮಂಗಳಕ್ಕೆ ಒಯ್ಯಲಾಗದು. ಪ್ರಕೃತಿಯ ನಿಯಮವಾದರೋ ಅಲ್ಲಿ ಮೊದಲೇ ಇದೆ.

ಮನೆಯ ಮಾಪಕಗಳು

ಅಂತರಿಕ್ಷದ ಈ ಮಾತು ಮುಂಬಯಿ, ದೆಹಲಿಗಳ ಮಹಡಿಮನೆಗಳಿಗೂ ಅನ್ವಯಿಸದೆ ಇಲ್ಲ. ಟಿ.ಡಿ.ಎಸ್. ಮಾಪಕದ ಅಂಕಿ ಕಡಿಮೆಯಿದೆಯೆಂದ ಮಾತ್ರಕ್ಕೆ ನೀರಿನಲ್ಲಿ ರೋಗಾಣುಗಳಿಲ್ಲವೆಂದಾಗಲಿ ವಿಷವಸ್ತುಗಳಿಲ್ಲವೆಂದಾಗಲಿ ತಿಳಿಯತಕ್ಕದ್ದಲ್ಲ. ಅದು ಅಳೆಯುವುದು ವಿದ್ಯುದ್ವಾಹಕತೆಯನ್ನು. ಲವಣಗಳ ಪ್ರಮಾಣವನ್ನು ಅದರಿಂದ ಊಹಿಸುವುದಷ್ಟೇ ಅದರ ಕೆಲಸ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಕರಗಿದ ವಸ್ತುಗಳ ಸ್ವೀಕಾರಾರ್ಹ ಮಿತಿಯನ್ನು ಲೀಟರಿಗೆ 500 ಮಿಲಿಗ್ರಾಂ ಎಂದು ವಿಧಿಸಿದೆಯಾದರೂ, ಅದೇ ಮಾನಕದಲ್ಲಿ ರೋಗಾಣು, ಸೀಸ, ಆರ್ಸೆನಿಕ್ ಮೊದಲಾದವುಗಳಿಗೆ ಪ್ರತ್ಯೇಕ ಮಿತಿಗಳಿವೆ. ಅವನ್ನು ಈ ಪುಟ್ಟ ಕಡ್ಡಿ ಹೇಳಲಾರದು.

ಮಧುಮೇಹಿಗಳು ಮನೆಯಲ್ಲಿ ರಕ್ತದ ಸಕ್ಕರೆ ನೋಡಿಕೊಳ್ಳುವ ಗ್ಲೂಕೋಮೀಟರಿಗೂ ಪರೀಕ್ಷಾ ದ್ರಾವಣವೊಂದುಂಟು. ಅದರ ಒಂದು ಹನಿ ಹಾಕಿದಾಗ ಬರಬೇಕಾದ ಅಂಕಿಯ ವ್ಯಾಪ್ತಿಯನ್ನು ಪಟ್ಟಿಗಳ ಡಬ್ಬಿಯ ಮೇಲೆ ಮುದ್ರಿಸಿರುತ್ತಾರೆ. ಅಂಕಿಗಳು ಅನಿರೀಕ್ಷಿತವಾಗಿ ಏರಿಳಿದಾಗ, ಪಟ್ಟಿಯ ಡಬ್ಬಿ ಬಹುಕಾಲ ತೆರೆದಿದ್ದಾಗ ಅಥವಾ ಮಾಪಕವು ಕೆಳಗೆ ಬಿದ್ದಾಗ ಈ ಪರೀಕ್ಷೆ ಮಾಡುವುದು ಕ್ಷೇಮ. ಆ ದ್ರಾವಣಕ್ಕೂ ಅವಧಿಯುಂಟೆಂಬುದನ್ನು ಮರೆಯಬಾರದು. ರಕ್ತದೊತ್ತಡದ ಮನೆಯ ಯಂತ್ರವನ್ನೂ ವೈದ್ಯರಲ್ಲಿಗೆ ಹೋಗುವಾಗ ಜೊತೆಗೆ ಒಯ್ದು, ಅವರ ಯಂತ್ರದೊಡನೆ ಹೋಲಿಸಿ ನೋಡುವುದು ವರ್ಷಕ್ಕೊಮ್ಮೆಯಾದರೂ ಅಗತ್ಯ. ತಪ್ಪು ಅಂಕಿಯನ್ನು ನಂಬಿ ಔಷಧವನ್ನು ಹೆಚ್ಚಿಸುವುದಾಗಲಿ ಬಿಡುವುದಾಗಲಿ ರೋಗಕ್ಕಿಂತ ಕೆಡುಕನ್ನುಂಟುಮಾಡಬಹುದು.

ಅಂಕಿಯೊಂದು ಕಣ್ಣೆದುರು ಮಿನುಗಿದೊಡನೆ ಅದನ್ನು ಸತ್ಯವೆಂದು ಒಪ್ಪಿಕೊಳ್ಳುವುದು ಮನುಷ್ಯನ ಸ್ವಭಾವ. ಆದರೆ ಅಂಕಿಗೆ ಬೆಲೆ ಬರುವುದು ಅದು ಯಾವುದರೊಡನೆ ಹೋಲಿಸಲ್ಪಟ್ಟಿತು, ಎಂದು ಹೋಲಿಸಲ್ಪಟ್ಟಿತು ಎಂಬುದರಿಂದ. ಭೂಮಿಯಲ್ಲಿರುವವರು ಈ ಹೋಲಿಕೆಯನ್ನು ಮರೆತರೂ ಪ್ರಯೋಗಶಾಲೆ, ವೈದ್ಯರು ಅಥವಾ ಪಕ್ಕದ ಮನೆಯ ಮಾಪಕ ಎಂದಾದರೊಂದು ದಿನ ನೆನಪಿಸಿಯಾವು. ಕೋಟ್ಯಂತರ ಮೈಲಿಗಳಾಚೆ ಒಂದು ಚೀಲ ನೀರನ್ನು ಕೈಯಲ್ಲಿ ಹಿಡಿದು ಕುಡಿಯಲೇ ಬೇಡವೇ ಎಂದು ಯೋಚಿಸುವ ಯಾತ್ರಿಗೆ ಹಾಗೆ ನೆನಪಿಸುವವರು ಇರುವುದಿಲ್ಲ. ಹೊರಡುವ ಮುನ್ನ ಅವನ ಉಪಕರಣಕ್ಕೆ ಸರಿಯಾದ ಪಾಠ ಕಲಿಸಿ, ಒರೆಗಲ್ಲೊಂದನ್ನು ಜೊತೆಗಿಟ್ಟು ಕಳುಹಿಸುವ ಹೊಣೆ ಭೂಮಿಯಲ್ಲಿರುವವರದೇ.